ಯಕೃತ್ತಿನ ಸ್ವಯಂನಿರೋಧಕ ರೋಗಗಳು: ಜನಾಂಗಭೇದವೂ ಬಡತನವೂ

ರೋಗಕ್ಕೆ ಬಡವ ಬಲ್ಲಿದನೆಂಬ ಭೇದವಿಲ್ಲವೆಂಬುದು ರೂಢಿಯ ಮಾತು. ರೋಗವು ದೇಹವನ್ನು ಹೊಗುವ ಮಟ್ಟಿಗೆ ಈ ಮಾತು ಕೆಲವೆಡೆ ಸಲ್ಲಬಹುದು. ಹೊಕ್ಕ ರೋಗವು ಯಾವಾಗ ಪತ್ತೆಯಾಗುತ್ತದೆ, ಅದಕ್ಕೆ ಯಾವ ಚಿಕಿತ್ಸೆ ದೊರೆಯುತ್ತದೆ, ಅದರ ಕೊನೆ ಏನಾಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಬಂದಾಗ ರೋಗಿಯ ಕುಲ, ಮೈಬಣ್ಣ, ವರಮಾನ, ಭಾಷೆ, ವಾಸಸ್ಥಳ ಇವುಗಳನ್ನು ಬಿಟ್ಟು ಉತ್ತರ ಹೇಳುವಂತಿಲ್ಲ. ಇದನ್ನು ಪರೀಕ್ಷಿಸಿ ನೋಡಲು ಯಕೃತ್ತಿನ ಸ್ವಯಂನಿರೋಧಕ ರೋಗಗಳು ಒಂದು ಒಳ್ಳೆಯ ನಿದರ್ಶನವಾಗಿವೆ. ಈ ರೋಗಗಳು ಕೊಳಕು ನೀರಿನಿಂದ ಹರಡುವಂಥವಲ್ಲ, ಮದ್ಯಪಾನದ ಫಲವೂ ಅಲ್ಲ. ಆದುದರಿಂದ ರೋಗಿಯ ನಡತೆಯನ್ನಾಗಲಿ ಅವನ ಕೇರಿಯ ಚರಂಡಿಯನ್ನಾಗಲಿ ದೂರಲು ಇಲ್ಲಿ ಅವಕಾಶವಿಲ್ಲ. ಇವುಗಳಲ್ಲಿ ಮುಖ್ಯವಾದುದಕ್ಕೆ ಬೇಕಾದ ಔಷಧಗಳು ಹಳೆಯವು, ಅಗ್ಗವಾದವು. ಹೀಗಿದ್ದೂ ಕೆಲವು ಜನವರ್ಗಗಳಲ್ಲಿ ಈ ರೋಗದಿಂದ ಸಾಯುವವರು ಹೆಚ್ಚಾಗಿದ್ದರೆ ಅದರ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ.

ರೋಗದ ಸ್ವರೂಪ

ದೇಹದ ರೋಗನಿರೋಧಕ ವ್ಯವಸ್ಥೆಯ ಕೆಲಸ ತನ್ನದು ಯಾವುದು, ಹೊರಗಿನದು ಯಾವುದು ಎಂಬುದನ್ನು ಗುರುತಿಸಿ ಹೊರಗಿನದನ್ನು ಎದುರಿಸುವುದು. ಈ ವಿವೇಕ ತಪ್ಪಿದಾಗ ಅದು ತನ್ನ ಅಂಗಗಳ ಮೇಲೆಯೇ ಬೀಳುತ್ತದೆ. ಯಕೃತ್ತು, ಅಂದರೆ ಪಿತ್ತಜನಕಾಂಗ, ಈ ದಾಳಿಗೆ ಗುರಿಯಾದಾಗ ಮೂರು ಬಗೆಯ ರೋಗಗಳು ತೋರುತ್ತವೆ. ಯಕೃತ್ತಿನ ಜೀವಕೋಶಗಳೇ ನಾಶವಾಗುವುದು ಆಟೋಇಮ್ಯೂನ್ ಹೆಪಟೈಟಿಸ್. ಯಕೃತ್ತಿನ ಒಳಗಿನ ಸಣ್ಣ ಪಿತ್ತನಾಳಗಳು ಮೆಲ್ಲಮೆಲ್ಲನೆ ಅಳಿಯುವುದು ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್. ದೊಡ್ಡ ಪಿತ್ತನಾಳಗಳು ಗಾಯಗಟ್ಟಿ ಇಕ್ಕಟ್ಟಾಗುವುದು ಪ್ರೈಮರಿ ಸ್ಕ್ಲಿರೋಸಿಂಗ್ ಕೊಲಾಂಜೈಟಿಸ್. ಮೊದಲನೆಯದರಲ್ಲಿ ಗಂಡಸರಿಗಿಂತ ಹೆಂಗಸರು ಮೂರು ನಾಲ್ಕು ಪಟ್ಟು ಹೆಚ್ಚು. ಎರಡನೆಯದರಲ್ಲಿ ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಹೆಂಗಸರೆಂದು ಗ್ರಂಥಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ಮೂರನೆಯದು ಮಾತ್ರ ಗಂಡಸರಲ್ಲಿ ಹೆಚ್ಚು. ಅದರ ರೋಗಿಗಳಲ್ಲಿ ಬಹುಪಾಲು ಜನರಿಗೆ ಕರುಳಿನ ದೀರ್ಘಕಾಲದ ಉರಿಯೂತವೂ ಇರುತ್ತದೆ.

ಮೂರು ರೋಗಗಳಿಗೂ ಸಮಾನವಾದ ಗುಣವೆಂದರೆ ಮೌನ. ಆಯಾಸ, ಕೀಲುನೋವು, ಮೈತುರಿಕೆ, ಹಸಿವು ಕುಂದುವುದು ಮುಂತಾದ ಮೊದಲ ಲಕ್ಷಣಗಳನ್ನು ಮನೆಗೆಲಸದಿಂದ ಬಂದ ದಣಿವೆಂದೋ ರಕ್ತಹೀನತೆಯೆಂದೋ ತಳ್ಳಿಹಾಕುವುದು ಸುಲಭ. ಕಣ್ಣು ಹಳದಿಯಾದಾಗ ಮಾತ್ರ ಯಕೃತ್ತಿನ ನೆನಪಾಗುತ್ತದೆ. ಅಷ್ಟರಲ್ಲಿ ಅನೇಕರ ಯಕೃತ್ತು ಗಾಯದ ನಾರಿನಿಂದ ತುಂಬಿ ಗಡುಸಾಗಿ, ವೈದ್ಯರು ಸಿರೋಸಿಸ್ ಎಂದು ಕರೆಯುವ ಅವಸ್ಥೆಯನ್ನು ಮುಟ್ಟಿರುತ್ತದೆ. ಸಿರೋಸಿಸ್ ಎಂದೊಡನೆ ಜನರ ಮನಸ್ಸಿಗೆ ಬರುವುದು ಕುಡಿತ. ಎರಡನೆಯ ರೋಗದ ಹೆಸರಿನಲ್ಲಿ ಮೊದಲಿಗೆ ಇದೇ ಪದವಿದ್ದುದರಿಂದ ಎಂದೂ ಮದ್ಯ ಮುಟ್ಟದ ಹೆಂಗಸರು ಅಪವಾದ ಹೊರಬೇಕಾಗಿತ್ತು. ರೋಗಿಗಳ ಸಂಘಗಳ ಒತ್ತಾಯದ ಫಲವಾಗಿ ೨೦೧೫ರಲ್ಲಿ ಸಿರೋಸಿಸ್ ಎಂಬುದನ್ನು ಬಿಟ್ಟು ಕೊಲಾಂಜೈಟಿಸ್ ಎಂಬ ಪದವನ್ನು ಅಲ್ಲಿ ಸೇರಿಸಲಾಯಿತು.

ಚಿಕಿತ್ಸೆ ಬಂದ ಬಗೆ

೧೯೫೦ರಲ್ಲಿ ಸ್ವೀಡನ್ನಿನ ಯಾನ್ ವಾಲ್ಡೆನ್‌ಸ್ಟ್ರೋಮ್ ಎಂಬ ವೈದ್ಯನು ತರುಣಿಯರಲ್ಲಿ ಕಾಣುವ ಒಂದು ವಿಚಿತ್ರ ಯಕೃದ್ರೋಗವನ್ನು ವರ್ಣಿಸಿದನು. ರಕ್ತದಲ್ಲಿ ಗ್ಯಾಮಾ ಗ್ಲಾಬ್ಯುಲಿನ್ ವಿಪರೀತವಾಗಿ ಏರಿರುವುದು ಅದರ ಗುರುತಾಗಿತ್ತು. ೧೯೫೬ರಲ್ಲಿ ಮೆಲ್ಬರ್ನಿನ ಇಯಾನ್ ಮೆಕೇ ಮತ್ತು ಸಂಗಡಿಗರು, ಲೂಪಸ್ ಎಂಬ ಬೇರೊಂದು ಸ್ವಯಂನಿರೋಧಕ ರೋಗದ ಲಕ್ಷಣಗಳು ಇದರಲ್ಲಿಯೂ ತೋರುವುದನ್ನು ಕಂಡು ಲೂಪಾಯ್ಡ್ ಹೆಪಟೈಟಿಸ್ ಎಂಬ ಹೆಸರಿಟ್ಟರು. ೧೯೬೫ರಲ್ಲಿ ಲಂಡನ್ನಿನ ಸಂಶೋಧಕರು ಪಿತ್ತನಾಳಗಳ ರೋಗದಲ್ಲಿ ಮೈಟೊಕಾಂಡ್ರಿಯಾಗಳ ವಿರುದ್ಧದ ಪ್ರತಿಕಾಯಗಳನ್ನು ಗುರುತಿಸಿದರು. ಇಂದಿಗೂ ಆ ರೋಗವನ್ನು ಪತ್ತೆಹಚ್ಚುವ ಮುಖ್ಯ ಸಾಧನ ಇದೇ ರಕ್ತಪರೀಕ್ಷೆ.

ಚಿಕಿತ್ಸೆಯ ಮಟ್ಟಿಗೆ ೧೯೭೧ನೆಯ ವರ್ಷ ಮುಖ್ಯವಾದುದು. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಶೀಲಾ ಶೆರ್ಲಾಕ್ ಮತ್ತು ಸಂಗಡಿಗರು ೪೯ ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಪ್ರೆಡ್ನಿಸೊಲೋನ್ ಕೊಟ್ಟು ಇನ್ನೊಂದಕ್ಕೆ ಕೊಡದೆ ನಡೆಸಿದ ಪ್ರಯೋಗದ ಫಲಿತಾಂಶ ಆ ವರ್ಷ ಪ್ರಕಟವಾಯಿತು. ಔಷಧ ಪಡೆದ ೨೨ ಮಂದಿಯಲ್ಲಿ ೩ ಮಂದಿ ಸತ್ತರೆ, ಪಡೆಯದ ೨೭ ಮಂದಿಯಲ್ಲಿ ೧೫ ಮಂದಿ ಸತ್ತಿದ್ದರು. ಮುಂದೆ ಪ್ರೆಡ್ನಿಸೊಲೋನಿನೊಡನೆ ಅಜಾಥಯೋಪ್ರಿನ್ ಸೇರಿತು. ಈ ಎರಡು ಮಾತ್ರೆಗಳು ಅಂದಿನಿಂದ ಇಂದಿನವರೆಗೂ ಆಟೋಇಮ್ಯೂನ್ ಹೆಪಟೈಟಿಸಿನ ಮೂಲ ಚಿಕಿತ್ಸೆಯಾಗಿ ಉಳಿದುಕೊಂಡಿವೆ. ಪಿತ್ತನಾಳಗಳ ರೋಗಕ್ಕೆ ಅರ್ಸೋಡಿಆಕ್ಸಿಕೋಲಿಕ್ ಆಮ್ಲವು ಉಪಯುಕ್ತವೆಂಬುದು ೧೯೮೭ರಲ್ಲಿ ಪ್ಯಾರಿಸ್ಸಿನಿಂದ ತಿಳಿದುಬಂತು. ಇವೆಲ್ಲಕ್ಕೂ ಮೀರಿದ ಅವಸ್ಥೆಯಲ್ಲಿ ಉಳಿಯುವ ದಾರಿ ಯಕೃತ್ತಿನ ಕಸಿಯೊಂದೇ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಈ ಔಷಧಗಳು ರೋಗವನ್ನು ಬೇರುಸಹಿತ ಕೀಳುವುದಿಲ್ಲ, ಅಡಗಿಸಿಡುತ್ತವೆ. ಮಾತ್ರೆ ನಿಲ್ಲಿಸಿದವರಲ್ಲಿ ಹೆಚ್ಚಿನವರಿಗೆ ಆಟೋಇಮ್ಯೂನ್ ಹೆಪಟೈಟಿಸ್ ಮರುಕಳಿಸುತ್ತದೆ. ಆದಕಾರಣ ಈ ಚಿಕಿತ್ಸೆ ವರ್ಷಗಟ್ಟಲೆ, ಹಲವರಿಗೆ ಬಾಳಿನುದ್ದಕ್ಕೂ ನಡೆಯಬೇಕಾದದ್ದು. ಮೇಲಿಂದ ಮೇಲೆ ರಕ್ತ ಪರೀಕ್ಷಿಸಬೇಕು, ಪ್ರಮಾಣವನ್ನು ಏರಿಳಿಸಬೇಕು, ಅಡ್ಡಪರಿಣಾಮಗಳನ್ನು ನೋಡಿಕೊಳ್ಳಬೇಕು. ಇಂಥ ಚಿಕಿತ್ಸೆ ಮಾತ್ರೆಯ ಬೆಲೆಗೆ ಕೈಗೂಡುವುದಲ್ಲ. ಅದಕ್ಕೆ ಒಂದು ನೆಲೆಯಾದ ಜೀವನ ಬೇಕಾಗುತ್ತದೆ. ತಾರತಮ್ಯದ ಬೀಜವಿರುವುದು ಇಲ್ಲಿಯೇ.

ಅಂಕಿಗಳು ಹೇಳುವುದೇನು

ಜನಾಂಗಗಳ ನಡುವಣ ಅಂತರವನ್ನು ಹೆಚ್ಚು ವಿವರವಾಗಿ ಅಳೆದಿರುವ ದೇಶ ಅಮೆರಿಕ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ವೈದ್ಯರು ೨೦೦೭ರಲ್ಲಿ ಆಟೋಇಮ್ಯೂನ್ ಹೆಪಟೈಟಿಸ್ ಇದ್ದ ೧೦೧ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಇವರಲ್ಲಿ ೩೭ ಮಂದಿ ಕರಿಯ ಜನಾಂಗದವರು, ೬೪ ಮಂದಿ ಇತರರು. ಕರಿಯರಲ್ಲಿ ನೂರಕ್ಕೆ ಸುಮಾರು ೫೭ ಮಂದಿಗೆ ಸಿರೋಸಿಸ್ ಇತ್ತು, ಇತರರಲ್ಲಿ ನೂರಕ್ಕೆ ಸುಮಾರು ೩೮ ಮಂದಿಗೆ. ಮೊದಲ ಸಲ ವೈದ್ಯರ ಬಳಿಗೆ ಬಂದಾಗಲೇ ಯಕೃತ್ತು ಸೋತುಹೋಗಿದ್ದವರು ಕರಿಯರಲ್ಲಿ ನೂರಕ್ಕೆ ೩೮, ಇತರರಲ್ಲಿ ೯. ಮರಣದ ಪ್ರಮಾಣ ಒಂದೆಡೆ ನೂರಕ್ಕೆ ೨೪, ಇನ್ನೊಂದೆಡೆ ೬. ಒಂದೇ ಊರಿನ ಒಂದೇ ಸಂಸ್ಥೆಗೆ ಬಂದ ಜನರಲ್ಲಿ ಸಾವಿನ ಪ್ರಮಾಣ ನಾಲ್ಕು ಪಟ್ಟಾಗಿತ್ತೆಂಬುದು ಸಾಮಾನ್ಯ ಸಂಗತಿಯಲ್ಲ.

ಇದು ಒಂದು ಆಸ್ಪತ್ರೆಯ ವಿಶೇಷವಿರಬಹುದೆಂದು ಶಂಕಿಸಬಹುದು. ಆದರೆ ಅಮೆರಿಕದ ಆಸ್ಪತ್ರೆಗಳ ೨೦೦೮ರಿಂದ ೨೦೧೨ರವರೆಗಿನ ರಾಷ್ಟ್ರೀಯ ದಾಖಲೆಗಳನ್ನು ಪರಿಶೀಲಿಸಿ ೨೦೧೮ರಲ್ಲಿ ಪ್ರಕಟಿಸಲಾದ ಅಧ್ಯಯನವೂ ಇದನ್ನೇ ಸಮರ್ಥಿಸಿತು. ಈ ರೋಗಕ್ಕಾಗಿ ಆಸ್ಪತ್ರೆ ಸೇರಬೇಕಾದವರ ಪ್ರಮಾಣ ಬಿಳಿಯರಿಗಿಂತ ಕರಿಯರಲ್ಲಿ ನೂರಕ್ಕೆ ೬೯ರಷ್ಟು, ಲ್ಯಾಟಿನ್ ಅಮೆರಿಕದ ಮೂಲದವರಲ್ಲಿ ೨೦ರಷ್ಟು ಹೆಚ್ಚಾಗಿತ್ತು. ಆಸ್ಪತ್ರೆಯಲ್ಲಿಯೇ ಮರಣ ಹೊಂದುವ ಸಂಭವವೂ ಕರಿಯರಲ್ಲಿ ಅಧಿಕವಾಗಿತ್ತು.

ಇಂಗ್ಲೆಂಡಿನಲ್ಲಿ ಚಿತ್ರ ಸ್ವಲ್ಪ ಬೇರೆ. ಅಲ್ಲಿ ಸರಕಾರಿ ಆರೋಗ್ಯಸೇವೆಯಿಂದ ಚಿಕಿತ್ಸೆ ಉಚಿತ. ಹಾಗಿದ್ದೂ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ೨೦೦೨ರ ಒಂದು ವರದಿ, ಐರೋಪ್ಯ ಮೂಲದವರಲ್ಲದ ರೋಗಿಗಳಲ್ಲಿ ರೋಗವು ಎಳೆಯ ವಯಸ್ಸಿನಲ್ಲಿ, ಬೇರೆ ಲಕ್ಷಣಗಳೊಡನೆ ಕಾಣಿಸಿಕೊಳ್ಳುವುದನ್ನೂ ರೂಢಿಯ ಚಿಕಿತ್ಸೆಗೆ ಅದು ಅಷ್ಟಾಗಿ ಬಗ್ಗದಿರುವುದನ್ನೂ ಎತ್ತಿ ತೋರಿಸಿತು. ೨೦೦೫ರಲ್ಲಿ ಅದೇ ನಗರದ ಇತರ ವೈದ್ಯರು ಸೊಮಾಲಿಯಾದಿಂದ ಬಂದ ತರುಣರಲ್ಲಿ ಈ ರೋಗದ ಅಪೂರ್ವವಾದ ಒಂದು ರೂಪವನ್ನು ವರ್ಣಿಸಿದರು. ಹೆಂಗಸರ ರೋಗವೆಂದು ಹೆಸರಾದದ್ದು ಇಲ್ಲಿ ಗಂಡಸರಲ್ಲಿ ಕಾಣಿಸಿತ್ತು. ಪಠ್ಯಪುಸ್ತಕದ ರೋಗಿಯ ಚಿತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡ ವೈದ್ಯನಿಗೆ ಇಂಥ ರೋಗಿಯನ್ನು ಗುರುತಿಸುವುದು ಕಷ್ಟ.

ವಂಶಗುಣವೆಷ್ಟು, ವ್ಯವಸ್ಥೆಯೆಷ್ಟು

ಇಷ್ಟಾದ ಮೇಲೆ ಏಳುವ ಪ್ರಶ್ನೆ ಒಂದೇ: ಈ ಅಂತರ ರಕ್ತದಲ್ಲಿದೆಯೆ, ಅಥವಾ ಸಮಾಜದ ಏರ್ಪಾಟಿನಲ್ಲಿದೆಯೆ?

ರಕ್ತದ ಪಾಲನ್ನು ಅಲ್ಲಗಳೆಯುವಂತಿಲ್ಲ. ತನ್ನದು ಪರರದು ಎಂಬುದನ್ನು ಗುರುತಿಸುವ ಎಚ್.ಎಲ್.ಎ. ವಂಶವಾಹಿಗಳಲ್ಲಿ ಕೆಲವು ಬಗೆಗಳು ಈ ರೋಗಕ್ಕೆ ದಾರಿ ಮಾಡಿಕೊಡುತ್ತವೆ. ಉತ್ತರ ಯೂರೋಪಿನವರಲ್ಲಿ ಡಿ.ಆರ್. ೩ ಮತ್ತು ಡಿ.ಆರ್. ೪, ಜಪಾನಿನಲ್ಲಿ ಡಿ.ಆರ್. ೪, ದಕ್ಷಿಣ ಅಮೆರಿಕದ ಮಕ್ಕಳಲ್ಲಿ ಡಿ.ಆರ್. ೧೩ ಹೀಗೆ ನಾಡಿನಿಂದ ನಾಡಿಗೆ ಇದು ಬೇರೆ. ಅಲಾಸ್ಕದ ಮೂಲನಿವಾಸಿಗಳಲ್ಲಿ ಆಟೋಇಮ್ಯೂನ್ ಹೆಪಟೈಟಿಸ್ ಲಕ್ಷಕ್ಕೆ ಸುಮಾರು ೪೩ ಮಂದಿಗೆ ಇರುವುದಾಗಿ ೨೦೦೨ರಲ್ಲಿ ವರದಿಯಾಯಿತು. ನಾರ್ವೆಯಲ್ಲಿ ಕಂಡುಬಂದ ಪ್ರಮಾಣ ಲಕ್ಷಕ್ಕೆ ಸುಮಾರು ೧೭. ಔಷಧವು ಮೈಗೆ ಒಗ್ಗುವುದೂ ವಂಶಕ್ಕನುಗುಣವಾಗಿ ಬದಲಾಗುತ್ತದೆ. ಅಜಾಥಯೋಪ್ರಿನ್ ಕೆಲವರಲ್ಲಿ ಬಿಳಿಯ ರಕ್ತಕಣಗಳನ್ನು ಅಪಾಯಕರವಾಗಿ ತಗ್ಗಿಸುತ್ತದೆ. ಇದನ್ನು ಮುನ್ನರಿಯಲು ಪಶ್ಚಿಮದ ದೇಶಗಳಲ್ಲಿ ಟಿ.ಪಿ.ಎಂ.ಟಿ. ಎಂಬ ಕಿಣ್ವವನ್ನು ಪರೀಕ್ಷಿಸುವ ಪದ್ಧತಿ ಬೆಳೆಯಿತು. ಆದರೆ ಪೂರ್ವ ಏಷ್ಯದವರಲ್ಲಿಯೂ ಭಾರತೀಯರಲ್ಲಿಯೂ ಇಂಥ ಅಪಾಯಕ್ಕೆ ಹೆಚ್ಚಾಗಿ ಕಾರಣವಾಗುವುದು ಎನ್.ಯು.ಡಿ.ಟಿ. ೧೫ ಎಂಬ ಬೇರೊಂದು ವಂಶವಾಹಿಯ ವ್ಯತ್ಯಾಸ. ಅದು ಬೆಳಕಿಗೆ ಬಂದದ್ದು ೨೦೧೪ರಲ್ಲಿ, ಕೊರಿಯದ ರೋಗಿಗಳ ಅಧ್ಯಯನದಿಂದ. ಯೂರೋಪಿಯನ್ನರಲ್ಲಿ ಈ ವ್ಯತ್ಯಾಸ ವಿರಳ. ಔಷಧ ಬಳಕೆಗೆ ಬಂದು ಅರ್ಧ ಶತಮಾನ ಕಳೆದ ಮೇಲೆ ಈ ಸಂಗತಿ ತಿಳಿಯಿತೆಂದರೆ, ಯಾರ ಮೈಯ ಮೇಲೆ ಸಂಶೋಧನೆ ನಡೆದಿತ್ತೆಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ವಂಶಗುಣದ ಪ್ರಶ್ನೆಯೂ ಹೀಗೆ ವ್ಯವಸ್ಥೆಯ ಪ್ರಶ್ನೆಗೆ ಬಂದು ಸೇರುತ್ತದೆ. ಪಿತ್ತನಾಳಗಳ ರೋಗದ ಮೇಲೆ ಅಮೆರಿಕದಲ್ಲಿ ನಡೆದ ಒಂದು ಔಷಧಪ್ರಯೋಗಕ್ಕೆ ಹೆಸರು ಕೊಟ್ಟವರನ್ನು ಕುರಿತು ೨೦೦೭ರಲ್ಲಿ ಪ್ರಕಟವಾದ ವಿವೇಚನೆ ಇದಕ್ಕೆ ಸಾಕ್ಷಿ. ಕರಿಯರೂ ಲ್ಯಾಟಿನ್ ಮೂಲದವರೂ ಬಿಳಿಯರಿಗಿಂತ ಹೆಚ್ಚು ಮುಂದುವರಿದ ರೋಗದೊಡನೆ ಬಂದಿದ್ದರು. ರೋಗ ಮುಂದುವರಿದಿದೆಯೆಂಬ ಕಾರಣದಿಂದಲೇ ಅವರಲ್ಲಿ ಹೆಚ್ಚು ಮಂದಿ ಪ್ರಯೋಗಕ್ಕೆ ಅನರ್ಹರಾದರು. ತಡವಾಗಿ ಬಂದವನು ಪ್ರಯೋಗದಿಂದ ಹೊರಗುಳಿಯುತ್ತಾನೆ. ಪ್ರಯೋಗದಲ್ಲಿಲ್ಲದವನ ದೇಹಕ್ಕೆ ಔಷಧ ಹೇಗೆ ಒಗ್ಗುವುದೆಂಬುದು ಯಾರಿಗೂ ತಿಳಿಯುವುದಿಲ್ಲ. ತಿಳಿಯದುದರಿಂದ ಅವನ ಚಿಕಿತ್ಸೆ ಊಹೆಯ ಮೇಲೆ ನಡೆಯುತ್ತದೆ.

ಏರ್ಪಾಟು ಬದಲಾದರೆ ಅಂತರವೂ ತಗ್ಗಬಲ್ಲದೆಂಬುದಕ್ಕೆ ಕಸಿಯ ಸರದಿಪಟ್ಟಿಯ ಕಥೆ ನಿದರ್ಶನ. ಹಿಂದೆ ಅಮೆರಿಕದಲ್ಲಿ ಯಕೃತ್ತಿನ ಹಂಚಿಕೆಯಲ್ಲಿ ವೈದ್ಯರ ಅಭಿಪ್ರಾಯಕ್ಕೂ ಕಾದ ಅವಧಿಗೂ ಹೆಚ್ಚಿನ ತೂಕವಿತ್ತು. ೨೦೦೨ರಲ್ಲಿ ಮೆಲ್ಡ್ ಎಂಬ ಅಂಕಪದ್ಧತಿ ಬಂದು, ರಕ್ತಪರೀಕ್ಷೆಯ ಮೂರು ಫಲಿತಾಂಶಗಳಿಂದ ಲೆಕ್ಕಹಾಕಿ ಹೆಚ್ಚು ಕಾಯಿಲೆಯಾದವರಿಗೆ ಮೊದಲು ಅಂಗ ಕೊಡುವ ಕ್ರಮ ಜಾರಿಯಾಯಿತು. ಈ ಬದಲಾವಣೆಯ ಹಿಂದುಮುಂದನ್ನು ಹೋಲಿಸಿ ೨೦೦೮ರಲ್ಲಿ ಪ್ರಕಟವಾದ ಅಧ್ಯಯನವು, ಮೊದಲು ಸರದಿಯಲ್ಲಿದ್ದಾಗಲೇ ಹೆಚ್ಚಾಗಿ ಸಾಯುತ್ತಿದ್ದ ಕರಿಯರಿಗೂ ಬಿಳಿಯರಿಗೂ ನಡುವಣ ಅಂತರವು ಹೊಸ ಕ್ರಮದಲ್ಲಿ ಇಲ್ಲವಾದುದನ್ನು ತೋರಿಸಿತು. ಕರಿಯರ ವಂಶವಾಹಿಗಳು ೨೦೦೨ರಲ್ಲಿ ಬದಲಾಗಲಿಲ್ಲ, ಬದಲಾದದ್ದು ನಿಯಮ.

ಆದರೆ ಅದೇ ನಿಯಮದಲ್ಲಿ ಇನ್ನೊಂದು ಕೊರತೆ ಅಡಗಿತ್ತು. ಅಂಕಕ್ಕೆ ಬಳಸುವ ಕ್ರಿಯಾಟಿನಿನ್ ಮಾಂಸಖಂಡಗಳಿಂದ ಹುಟ್ಟುವ ವಸ್ತು. ಹೆಂಗಸರಲ್ಲಿ ಮಾಂಸಖಂಡ ಕಡಿಮೆಯಾದುದರಿಂದ ಅಷ್ಟೇ ಕಾಯಿಲೆಯಾದ ಹೆಂಗಸಿಗೆ ಗಂಡಸಿಗಿಂತ ಕಡಿಮೆ ಅಂಕ ಬರುತ್ತಿತ್ತು. ಸ್ವಯಂನಿರೋಧಕ ಯಕೃದ್ರೋಗಿಗಳಲ್ಲಿ ಹೆಂಗಸರೇ ಹೆಚ್ಚಾದ ಕಾರಣ ಈ ಕೊರತೆಯ ಭಾರ ಅವರ ಮೇಲೆ ಬಿತ್ತು. ಇದನ್ನು ಸರಿಪಡಿಸಿದ ಹೊಸ ಅಂಕಪದ್ಧತಿ ಜಾರಿಗೆ ಬಂದದ್ದು ೨೦೨೩ರಲ್ಲಿ, ಇಪ್ಪತ್ತೊಂದು ವರ್ಷಗಳ ಅನಂತರ. ಇದಲ್ಲದೆ ಯಾವ ಅಂಕಪದ್ಧತಿಯಾದರೂ ಪಟ್ಟಿಯೊಳಗೆ ಬಂದವರಿಗೆ ಮಾತ್ರ ನ್ಯಾಯ ಕೊಡಬಲ್ಲದು. ತಜ್ಞನ ಬಾಗಿಲನ್ನೇ ಮುಟ್ಟದವನ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ, ಅವನ ಸಾವು ಆ ಲೆಕ್ಕಕ್ಕೆ ಬರುವುದೂ ಇಲ್ಲ.

ಭಾರತದ ಸ್ಥಿತಿ

ಸ್ವಯಂನಿರೋಧಕ ಯಕೃದ್ರೋಗವು ಬಿಳಿಯರ ರೋಗ, ಭಾರತದಲ್ಲಿ ಅಪರೂಪ ಎಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ೨೦೦೫ರಲ್ಲಿ ಲಖನೌದಿಂದ ಪ್ರಕಟವಾದ ವರದಿಯ ಶೀರ್ಷಿಕೆಯಲ್ಲಿಯೇ ಇದನ್ನು ಅಸಾಮಾನ್ಯ ರೋಗವೆಂದು ಕರೆಯಲಾಗಿದೆ. ಮುಂಬಯಿ, ದೆಹಲಿ, ಚಂಡೀಗಢ, ವೆಲ್ಲೂರುಗಳ ವೈದ್ಯರು ಹುಡುಕತೊಡಗಿದಂತೆಲ್ಲ ರೋಗಿಗಳು ಸಿಗುತ್ತ ಹೋದರು. ಅವರಲ್ಲಿ ಅನೇಕರು ಸಿರೋಸಿಸ್ ಆದ ಬಳಿಕವೇ ಬಂದವರು. ಹುಡುಕದಿದ್ದ ಕಾಲದಲ್ಲಿ ಅಪರೂಪವಾಗಿದ್ದದ್ದು ರೋಗವೋ ಪರೀಕ್ಷೆಯೋ ಎಂದು ಕೇಳಬೇಕಾಗುತ್ತದೆ.

ತಡವಾಗುವುದಕ್ಕೆ ಇಲ್ಲಿ ವಿಶೇಷವಾದ ಕಾರಣಗಳುಂಟು. ಕನ್ನಡನಾಡಿನ ತೆಂಕಣ ಭಾಗದಲ್ಲಿ ಕಾಮಾಲೆಯೆಂದೂ ಬಡಗಣ ಭಾಗದಲ್ಲಿ ಕಾಮಣಿಯೆಂದೂ ಕರೆಯುವ ಲಕ್ಷಣಕ್ಕೆ ನೆಲನೆಲ್ಲಿಯನ್ನು ಅರೆದು ಕುಡಿಸಿ ಪಥ್ಯ ಹಿಡಿಸುವುದು ಮನೆಮನೆಯ ರೂಢಿ. ಕಲುಷಿತ ನೀರಿನಿಂದ ಬರುವ ವೈರಸ್ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ, ಕೀರ್ತಿ ಮದ್ದಿಗೆ ಸಲ್ಲುತ್ತದೆ. ಆಟೋಇಮ್ಯೂನ್ ಹೆಪಟೈಟಿಸ್ ಕೂಡ ಏರಿಳಿಯುವ ಸ್ವಭಾವದ್ದು. ಒಮ್ಮೆ ಕಣ್ಣು ಹಳದಿಯಾಗಿ, ತಾನಾಗಿ ತಿಳಿಯಾಗಿ, ತಿಂಗಳುಗಳ ಮೇಲೆ ಮತ್ತೆ ಹಳದಿಯಾಗಬಹುದು. ನಡುವಣ ಶಾಂತಿಯನ್ನು ಗುಣವೆಂದು ಭ್ರಮಿಸಿದ ಕುಟುಂಬ ಅಮೂಲ್ಯವಾದ ಕಾಲವನ್ನು ಕಳೆದುಕೊಳ್ಳುತ್ತದೆ. ನಿರಪಾಯವೆಂದು ಎಣಿಸಿದ ಮೂಲಿಕೆಯೇ ತೊಡಕಾದುದೂ ಉಂಟು. ಕೋವಿಡ್ ಕಾಲದಲ್ಲಿ, ೨೦೨೦ರ ಕೊನೆಯ ತಿಂಗಳುಗಳಲ್ಲಿ, ಅಮೃತಬಳ್ಳಿಯ ಸೇವನೆಯ ಬಳಿಕ ಯಕೃತ್ತು ಕೆಟ್ಟ ಆರು ಮಂದಿಯನ್ನು ಮುಂಬಯಿಯ ವೈದ್ಯರು ೨೦೨೧ರಲ್ಲಿ ವರ್ಣಿಸಿ, ಅಡಗಿದ್ದ ಸ್ವಯಂನಿರೋಧಕ ರೋಗವನ್ನು ಅದು ಕೆರಳಿಸಿರಬಹುದೆಂದು ಸೂಚಿಸಿದರು. ಕೇಂದ್ರದ ಆಯುಷ್ ಸಚಿವಾಲಯ ಈ ನಿರ್ಣಯವನ್ನು ಒಪ್ಪಲಿಲ್ಲ. ೨೦೨೨ರಲ್ಲಿ ಭಾರತದ ಹಲವು ಆಸ್ಪತ್ರೆಗಳು ಕೂಡಿ ಪ್ರಕಟಿಸಿದ ೪೩ ರೋಗಿಗಳ ವರದಿ ಮುಂಬಯಿಯ ವೈದ್ಯರ ಮಾತಿಗೆ ಬಲ ಕೊಟ್ಟಿತು.

ಎರಡನೆಯ ಕಾರಣ ವೆಚ್ಚ. ಪ್ರೆಡ್ನಿಸೊಲೋನ್, ಅಜಾಥಯೋಪ್ರಿನ್‌ಗಳು ಬಡವನ ಕೈಗೂ ಎಟಕುವ ಮಾತ್ರೆಗಳು. ಎಟಕದಿರುವುದು ಅವುಗಳವರೆಗಿನ ದಾರಿ. ಪ್ರತಿಕಾಯಗಳ ಪರೀಕ್ಷೆ, ಇಮ್ಯುನೊಗ್ಲಾಬ್ಯುಲಿನ್ ಪರೀಕ್ಷೆ, ಯಕೃತ್ತಿನ ತುಣುಕು ತೆಗೆದು ನೋಡುವ ಬಯಾಪ್ಸಿ, ಅದನ್ನು ಓದಬಲ್ಲ ತಜ್ಞ ಇವೆಲ್ಲ ದೊಡ್ಡ ನಗರಗಳಲ್ಲಿ ನೆಲೆಸಿವೆ. ದಿನಗೂಲಿಯವನಿಗೆ ಒಂದು ರಕ್ತಪರೀಕ್ಷೆಯ ಬೆಲೆಯಲ್ಲಿ ಆ ದಿನದ ಕೂಲಿಯೂ ಸೇರಿಕೊಳ್ಳುತ್ತದೆ. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆ ಆಸ್ಪತ್ರೆಯಲ್ಲಿ ಮಲಗಿದವರ ಖರ್ಚನ್ನು ಭರಿಸುತ್ತದೆಯೇ ಹೊರತು ಹೊರರೋಗಿಯಾಗಿ ವರ್ಷಗಟ್ಟಲೆ ನಡೆಸಬೇಕಾದ ಪರೀಕ್ಷೆ ಔಷಧಗಳನ್ನು ಬಹುಮಟ್ಟಿಗೆ ಒಳಗೊಳ್ಳುವುದಿಲ್ಲ. ಯಕೃತ್ತು ಕೆಟ್ಟ ಮೇಲೆ ನೆರವು ದೊರೆಯುತ್ತದೆ. ಕೆಡದಂತೆ ಕಾಯುವ ಖರ್ಚು ಮನೆಯವರದು.

ಮೂರನೆಯದು ಹೆಣ್ಣಿನ ಸ್ಥಾನ. ೧೯೯೪ರ ಅಂಗಕಸಿ ಕಾಯಿದೆಯ ಬಳಿಕ ೧೯೯೮ರಲ್ಲಿ ದೆಹಲಿಯಲ್ಲಿ ಭಾರತದ ಮೊದಲ ಯಶಸ್ವೀ ಯಕೃತ್ತಿನ ಕಸಿ ನಡೆಯಿತು. ಈಗ ಈ ದೇಶದಲ್ಲಿ ನಡೆಯುವ ಯಕೃತ್ತಿನ ಕಸಿಗಳಲ್ಲಿ ಹೆಚ್ಚಿನವು ಬದುಕಿರುವ ಬಂಧುಗಳ ದಾನದಿಂದ ಆಗುವಂಥವು. ಆ ದಾನಿಗಳಲ್ಲಿ ಹೆಚ್ಚಿನವರು ತಾಯಿ, ಹೆಂಡತಿ, ಅಕ್ಕತಂಗಿಯರು. ಪಡೆಯುವವರಲ್ಲಿ ಬಹುಪಾಲು ಗಂಡಸರು. ಮುಖ್ಯವಾಗಿ ಹೆಂಗಸರನ್ನು ಹಿಡಿಯುವ ರೋಗಕ್ಕೆ ಇಂಥ ಏರ್ಪಾಟಿನಲ್ಲಿ ಎಷ್ಟು ನ್ಯಾಯ ಸಿಗಬಹುದೆಂಬುದನ್ನು ವಿವರಿಸಬೇಕಾಗಿಲ್ಲ.

ಪರಭಾಷಾ ನಗರಗಳಲ್ಲಿ ನೆಲೆಸಿದವರು

ಊರು ಬಿಟ್ಟು ಬಂದವರ ಸ್ಥಿತಿಯಲ್ಲಿ ಮೇಲಿನ ಎಲ್ಲ ಕಾರಣಗಳೂ ಕೂಡಿಕೊಳ್ಳುತ್ತವೆ. ಮುಂಬಯಿಯ ಹೋಟೆಲಿನಲ್ಲಿಯೋ ಪುಣೆ ಹೈದರಾಬಾದುಗಳ ಕಟ್ಟಡ ಕೆಲಸದಲ್ಲಿಯೋ ದುಡಿಯುವ ಕನ್ನಡಿಗನ ಮನೆಯಾಕೆಗೆ ಒಂದು ಅನುಕೂಲವುಂಟು: ತಜ್ಞರಿರುವ ಆಸ್ಪತ್ರೆ ಅದೇ ನಗರದಲ್ಲಿದೆ. ಆದರೆ ತುರಿಕೆ, ದಣಿವು, ಕೀಲುನೋವುಗಳನ್ನು ಬಿಡಿಸಿ ಹೇಳಲು ಆಕೆಗೆ ಅಲ್ಲಿಯ ಭಾಷೆ ಬಾರದು. ಈ ರೋಗಗಳಲ್ಲಿ ಸುಳಿವು ಸಿಗುವುದು ರೋಗಿಯ ಮಾತಿನಿಂದಲೇ. ರಾಜ್ಯಗಳ ಆರೋಗ್ಯಯೋಜನೆಗಳು ಬಹುಮಟ್ಟಿಗೆ ಆಯಾ ರಾಜ್ಯದ ಪಡಿತರಚೀಟಿಗೆ ಕಟ್ಟುಬಿದ್ದಿವೆ. ಬೇನೆ ಬಿದ್ದಾಗ ಊರಿಗೆ ಮರಳುವುದು, ಅಲ್ಲಿ ಬೇರೆ ವೈದ್ಯ, ಹಳೆಯ ಕಾಗದಗಳಿಲ್ಲದೆ ಹೊಸದಾಗಿ ಆರಂಭ, ಮಾತ್ರೆಯ ನಿಲುಗಡೆ, ರೋಗದ ಮರುಕಳಿಕೆ ಹೀಗೆ ಚಕ್ರ ತಿರುಗುತ್ತದೆ.

ಕೆಲವು ಬಾಗಿಲುಗಳು ಈಚೆಗೆ ತೆರೆದಿವೆ. ಆಯುಷ್ಮಾನ್ ಭಾರತದ ಕಾರ್ಡನ್ನು ರಾಜ್ಯದ ಗಡಿಯಾಚೆಗೂ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಬಳಸಬಹುದು. ಮೃತ ದಾನಿಗಳ ಅಂಗಕ್ಕಾಗಿ ಹೆಸರು ನೋಂದಾಯಿಸಲು ಆಯಾ ರಾಜ್ಯದ ನಿವಾಸಿಯಾಗಿರಬೇಕೆಂಬ ನಿಬಂಧನೆಯನ್ನು ತೆಗೆಯುವಂತೆ ೨೦೨೩ರಲ್ಲಿ ಕೇಂದ್ರ ಸರಕಾರವು ರಾಜ್ಯಗಳಿಗೆ ಸೂಚಿಸಿತು. ಇಂಥ ಸಂಗತಿಗಳು ತಿಳಿಯಬೇಕಾದವರಿಗೆ ಅವರ ಭಾಷೆಯಲ್ಲಿ ತಿಳಿಯದಿದ್ದರೆ ಬಾಗಿಲು ತೆರೆದೂ ಮುಚ್ಚಿದಂತೆಯೇ. ಆಸ್ಪತ್ರೆಗೆ ಜೊತೆಯಾಗಿ ಹೋಗಿ ಮಾತು ಕೂಡಿಸುವುದು, ಪರೀಕ್ಷೆಯ ಕಾಗದಗಳನ್ನು ಜೋಪಾನವಾಗಿಡಲು ಕಲಿಸುವುದು, ಕೆಲವು ವಾರಗಳಲ್ಲಿ ಇಳಿಯದ ಅಥವಾ ಮರಳಿ ಬಂದ ಕಾಮಾಲೆಯನ್ನು ಮನೆಮದ್ದಿಗೆ ಬಿಡಬಾರದೆಂದು ಸಾರುವುದು, ವೈದ್ಯರ ಮಾತಿಲ್ಲದೆ ಮಾತ್ರೆ ನಿಲ್ಲಿಸಬಾರದೆಂದು ತಿಳಿಹೇಳುವುದು ಇವು ಹಣಕ್ಕಿಂತ ಹೆಚ್ಚಾಗಿ ಭಾಷೆಯನ್ನೂ ತಾಳ್ಮೆಯನ್ನೂ ಬೇಡುವ ಕೆಲಸಗಳು.

ವಂಶವಾಹಿಗಳನ್ನು ಬದಲಾಯಿಸುವುದು ಯಾವ ಸಮಾಜಕ್ಕೂ ಸಾಧ್ಯವಿಲ್ಲ. ಬಾಲ್ಟಿಮೋರಿನ ಅಂಕಿಗಳಲ್ಲಿ ಎಷ್ಟು ಪಾಲು ವಂಶದ್ದು, ಎಷ್ಟು ಪಾಲು ವಿಳಂಬದ್ದು ಎಂಬುದನ್ನು ತೂಗಿ ಹೇಳುವ ತಕ್ಕಡಿಯೂ ಸುಲಭವಾಗಿ ದೊರಕುವುದಿಲ್ಲ. ಆದರೆ ವಿಳಂಬ ತಗ್ಗಿದಷ್ಟೂ ಉಳಿಯುವವರ ಸಂಖ್ಯೆ ಏರುತ್ತದೆಂಬುದರಲ್ಲಿ ಸಂದೇಹವಿಲ್ಲ. ೧೯೭೧ರಲ್ಲಿ ಮಾತ್ರೆ ಪಡೆದವರಿಗೂ ಪಡೆಯದವರಿಗೂ ನಡುವೆ ಇದ್ದ ಅಂತರ ಪ್ರಯೋಗಕ್ಕಾಗಿ ಏರ್ಪಡಿಸಿದ್ದು. ಉತ್ತರ ತಿಳಿದೊಡನೆ ಅದು ಮುಗಿಯಿತು. ಉತ್ತರ ತಿಳಿದು ಅರ್ಧ ಶತಮಾನ ಕಳೆದ ಮೇಲೂ ಬಡವರ ಪಾಲಿಗೆ ಅದೇ ಅಂತರ ಉಳಿದಿರುವುದಕ್ಕೆ ವೈದ್ಯಶಾಸ್ತ್ರವೊಂದನ್ನೇ ಹೊಣೆಮಾಡಲಾಗದು.